ಊರಿಗೆ ಹೋಗಲೊಲ್ಲದ ಕೈದಿಗಳು, ಮಡಿಕೇರಿಯ ಜನರಲ್

ಕುರುಬರಹಳ್ಳಿಯಿಂದ ಬಸ್ಸು ಹಿಡಿದು ಬೆಂಗಳೂರಿನ ರಿಚ್‌ಮಂಡ್ ರಸ್ತೆಯಲ್ಲಿ ಇಳಿಯುವವರಲ್ಲಿ ಅದರ ಇನ್ನೊಂದು ಹೆಸರು ಜನರಲ್ ತಿಮ್ಮಯ್ಯ ರಸ್ತೆ ಎಂದು ಬಲ್ಲವರು ಕೆಲವರಿರಬಹುದು. ಆ ತಿಮ್ಮಯ್ಯನವರು ಕೊರಿಯಾದಲ್ಲಿ ಮಾಡಿದ ಕೆಲಸವನ್ನು ಬಲ್ಲವರು ಇನ್ನೂ ಕಡಿಮೆ.

1945ರಲ್ಲಿ ಕೊರಿಯಾವನ್ನು 38ನೇ ಅಕ್ಷಾಂಶದಲ್ಲಿ ಸೀಳಿದರು. 1950ರ ಜೂನ್ 25ರಂದು ಉತ್ತರದ ಸೈನ್ಯ ದಕ್ಷಿಣಕ್ಕೆ ನುಗ್ಗಿತು. ಒಂದು ಕಡೆ ಚೀನಾ, ಇನ್ನೊಂದು ಕಡೆ ಅಮೆರಿಕ ಇಳಿದವು. ವರ್ಷದೊಳಗೆ ಯುದ್ಧ ಹೊರಟಲ್ಲಿಗೇ ಬಂದು ನಿಂತರೂ ಕದನವಿರಾಮಕ್ಕೆ 1953ರ ಜುಲೈ 27ರವರೆಗೆ ಕಾಯಬೇಕಾಯಿತು. ಕೊನೆಗೆ ಅಡ್ಡಬಂದದ್ದು ನೆಲವಲ್ಲ, ಕೈದಿಗಳು. ದಕ್ಷಿಣದ ಶಿಬಿರಗಳಲ್ಲಿದ್ದ ಸಾವಿರಾರು ಚೀನೀಯರು, ಕೊರಿಯನ್ನರು ತಮ್ಮ ದೇಶಕ್ಕೆ ಮರಳುವುದಿಲ್ಲವೆಂದು ಹಟ ಹಿಡಿದಿದ್ದರು.

ಅವರ ಮನಸ್ಸು ತಿಳಿಯಲು ಐದು ದೇಶಗಳ ಆಯೋಗವೊಂದು ನೇಮಕವಾಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ವಾಲುತ್ತಿದ್ದವು. ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತೊಂದು ಕಡೆ. ಐದನೆಯದು ಭಾರತ. ಹಾಗಾಗಿ ಅಧ್ಯಕ್ಷರಾಗಿದ್ದ ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಮತವೇ ಬಹುತೇಕ ತೀರ್ಪು. ಕಾವಲಿಗೆ ಮೇಜರ್ ಜನರಲ್ ಥೋರಟ್ ಅವರ ಭಾರತೀಯ ಪಡೆ. ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯರು ತಮ್ಮ ಮಣ್ಣು ಮೆಟ್ಟಕೂಡದೆಂದು ಪಟ್ಟುಹಿಡಿದ. ಇಡೀ ಪಡೆಯನ್ನು ಇಂಚಾನ್ ಬಂದರಿನಿಂದ ಹೆಲಿಕಾಪ್ಟರ್‌ಗಳಲ್ಲೇ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು! ಅಲ್ಲಿ ಎದ್ದ ಡೇರೆಗಳ ಊರಿಗೆ ನಮ್ಮವರು ಇಟ್ಟ ಹೆಸರು ಹಿಂದ್ ನಗರ.

ಒಬ್ಬೊಬ್ಬ ಕೈದಿಯನ್ನೂ ಡೇರೆಯೊಳಗೆ ಕೂರಿಸಿ, ಅವನ ದೇಶದ ಅಧಿಕಾರಿ ಬಂದು ಊರಿಗೆ ಬಾ ಎಂದು ಮನವೊಲಿಸಬೇಕು. ಕಾಗದದ ಮೇಲೆ ಸೊಗಸಾದ ಏರ್ಪಾಡು. ಡೇರೆಯೊಳಗೆ ನಡೆದದ್ದು ಬೈಗುಳ, ಉಗುಳು, ಕೈಕೈ ಮಿಲಾಯಿಸುವ ಯತ್ನ. ಬೇಲಿಯೊಳಗೆ ಕೈದಿಗಳದೇ ಮುಖಂಡರ ದರ್ಬಾರು. ವಾಪಸು ಹೋಗುವೆನೆಂದು ಬಾಯಿಬಿಟ್ಟವನಿಗೆ ಅಲ್ಲಿ ಉಳಿಗಾಲವಿರಲಿಲ್ಲ. ಇಂಥ ಕಡೆ ಸ್ವಂತ ಇಚ್ಛೆ ಎಂಬುದನ್ನು ಅಳೆಯುವುದಾದರೂ ಹೇಗೆ? ಕೈದಿಗಳು ಒಬ್ಬ ಭಾರತೀಯ ಮೇಜರ್‌ನನ್ನೇ ಒತ್ತೆ ಹಿಡಿದಾಗ ಥೋರಟ್ ತಾವೇ ಒಳಹೊಕ್ಕು ಮಾತಾಡಿ ಬಿಡಿಸಿದರು. ಅಕ್ಟೋಬರ್ ಆರಂಭದಲ್ಲಿ ನಡೆದ ಗಲಭೆಯಲ್ಲಿ ಕಾವಲುಗಾರರ ಗುಂಡಿಗೆ ಕೈದಿಗಳು ಸತ್ತದ್ದೂ ಉಂಟು.

ದಕ್ಷಿಣದಿಂದ ಬಂದ 22,604 ಮಂದಿಯಲ್ಲಿ ಊರಿಗೆ ಮರಳಲು ಒಪ್ಪಿದವರು 628. ಮನವೊಲಿಕೆಯ ಅವಧಿ ಮುಗಿದಾಗ ತಿಮ್ಮಯ್ಯ ಉಳಿದವರಿಗೆ ಬಿಡುಗಡೆ ಸಾರಲಿಲ್ಲ. 1954ರ ಜನವರಿ 20ರಿಂದ ಅವರನ್ನು ಒಪ್ಪಿಸಿದ್ದವರಿಗೇ ಹಿಂತಿರುಗಿಸಿದರು. ಎರಡೂ ಬಣಗಳು ಮುನಿದವು. ತಿಮ್ಮಯ್ಯನವರಿಗಿದ್ದ ಅಧಿಕಾರದಲ್ಲಿ ಇದಕ್ಕಿಂತ ನ್ಯಾಯವಾದ ದಾರಿ ಇತ್ತೆಂದು ತೋರುವುದಿಲ್ಲ.

ಉತ್ತರವೂ ಬೇಡ, ದಕ್ಷಿಣವೂ ಬೇಡ ಎಂದ 88 ಮಂದಿ ಮಾತ್ರ ಭಾರತೀಯ ಪಡೆಯ ಜೊತೆ ಹಡಗು ಹತ್ತಿ ಮದ್ರಾಸಿಗೆ ಬಂದರು. ಮುಂದೆ ಹಲವರು ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು. ಕೆಲವರು ಇಲ್ಲೇ ನೆಲೆಯೂರಿದರು.

ತಿಮ್ಮಯ್ಯನವರಿಗೆ ಹೋಳಾದ ನಾಡು ಹೊಸದಾಗಿರಲಿಲ್ಲ. 1947ರಲ್ಲಿ ಪಂಜಾಬ್ ಗಡಿ ಪಡೆಯಲ್ಲಿದ್ದರು. ಮರುವರ್ಷ ಜೋಜಿಲಾ ಕಣಿವೆಗೆ ಟ್ಯಾಂಕ್ ಏರಿಸಿದ್ದರು. ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೆ ವಿಶ್ವಸಂಸ್ಥೆ ಅವರನ್ನು ಮತ್ತೆ ಕರೆದದ್ದು ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್‌ಗೆ. 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಕೊರಿಯಾದ ಅನುಭವ ಕುರಿತ ಅವರ ಪುಸ್ತಕ ಅಚ್ಚಾದದ್ದು 1981ರಲ್ಲಿ.