ಬಯಲಿನ ರಾಳವೂ ರಂಗಮಂದಿರದ ಮಾಡೂ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಬಯಲಾಟಗಳಲ್ಲಿ ಬಣ್ಣದ ವೇಷದ ಪ್ರವೇಶಕ್ಕೆ ದೀವಟಿಗೆಯ ಮೇಲೆ ರಾಳದ ಹುಡಿ ಎರಚುವ ಪದ್ಧತಿ ಸುಪರಿಚಿತವಾದುದು. ಗಟ್ಟಿ ರಾಳ ಮೆಲ್ಲನೆ ಉರಿಯುವುದು. ಅದೇ ನುಣ್ಣನೆಯ ಹುಡಿಯಾಗಿ ಹರಡಿದಾಗ ಕಣಕಣಕ್ಕೂ ಗಾಳಿ ತಗಲಿ ಒಮ್ಮೆಗೇ ಭುಗಿಲೇಳುವುದು. ಬಯಲಿನಲ್ಲಿ ಆ ಜ್ವಾಲೆಗೆ ಆಕಾಶವೇ ಮಾಡು. ಎರಚುವವನ ಕೈಯಳತೆಯೇ ಶಾಸ್ತ್ರ. ಹೆಗ್ಗೋಡಿನ ನೀನಾಸಂ 1972ರಲ್ಲಿ ಪಡೆದಂಥ ರಂಗಮಂದಿರಗಳಲ್ಲಾದರೋ ಮೇಲೆ ಮಾಡು, ಪಕ್ಕದಲ್ಲಿ ಪರದೆ, ಎದುರಿಗೆ ಕಿಕ್ಕಿರಿದ ಜನ. ಮುಚ್ಚಿದ ಎಡೆಯ ಬೆಂಕಿ ಎಂತಹುದೆಂಬುದನ್ನು 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ಹೊತ್ತಿದ ವೀನಸ್ ಸರ್ಕಸ್ಸಿನ ಡೇರೆ ತೋರಿಸಿತು; 90ಕ್ಕೂ ಹೆಚ್ಚು ಮಂದಿ, ಬಹುಮಟ್ಟಿಗೆ ಮಕ್ಕಳು, ಅಸುನೀಗಿದರು. ಸಿಡಿಮದ್ದಿಗೆ 1884ರ ಸ್ಫೋಟಕ ಕಾಯಿದೆಯ ಕಟ್ಟುಂಟು. ರಾಳ ಸಿಡಿಮದ್ದಲ್ಲ, ಆದುದರಿಂದ ನಿರಪಾಯವೆಂಬ ವಾದವನ್ನು ನಾವು ಒಪ್ಪಲಾರೆವು. ಮಾಡಿನ ಕೆಳಗೆ ಅದನ್ನು ಬಳಸಬಯಸುವವರು ಅಗ್ನಿಶಾಮಕ ಇಲಾಖೆಗೆ ಮುಂದಾಗಿ ತಿಳಿಸಿ, ನಂದಿಸುವವರನ್ನು ಬಳಿಯಲ್ಲಿರಿಸಿ, ಆ ಕೈಯಳತೆಯನ್ನು ಪ್ರೇಕ್ಷಕರಿಲ್ಲದಾಗಲೇ ಕಲಿಯತಕ್ಕದ್ದು.