ಚೌಕಿಯಿಂದ ಸ್ಟುಡಿಯೋಗೆ: ಮುಖವರ್ಣಿಕೆಯ ವೃತ್ತಿ

ನಟನ ಮುಖಕ್ಕೆ ಬಣ್ಣ ಹಚ್ಚುವ ಕಲೆಯು ಕನ್ನಡನಾಡಿಗೆ ಹೊಸದಲ್ಲ. ಆದರೆ ಅದನ್ನೇ ಜೀವನೋಪಾಯವಾಗಿ ಮಾಡಿಕೊಂಡು, ತಾನು ರಂಗವನ್ನೇರದೆ ಪರರ ಮುಖಗಳನ್ನು ಮಾತ್ರ ಸಿದ್ಧಪಡಿಸುವ ಪ್ರಸಾಧಕನ ವೃತ್ತಿಯು ಬೆಳೆದುದು ಚಲನಚಿತ್ರದ ಸ್ಟುಡಿಯೋಗಳಲ್ಲಿ.

ಹಳೆಯ ಪದ್ಧತಿಯು ಹೇಗಿದ್ದಿತೆಂಬುದನ್ನು ಕಳಸ, ಮೂಡಿಗೆರೆಗಳ ಕಾಫಿಯ ಸೀಮೆಗೆ ಬರುವ ಯಕ್ಷಗಾನ ಮೇಳಗಳಲ್ಲಿ ಇಂದಿಗೂ ಕಾಣಬಹುದು. ಚೌಕಿಯಲ್ಲಿ ವೇಷಧಾರಿಯು ಕನ್ನಡಿಯ ಮುಂದೆ ಕುಳಿತು ತನ್ನ ಮುಖವನ್ನು ತಾನೇ ಬರೆದುಕೊಳ್ಳುವನು. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟಿಯನ್ನಿಡುವುದಕ್ಕೆ ಗಂಟೆಗಳೇ ಬೇಕು. ಆ ಗಾಢವರ್ಣಗಳು ಇರುಳಿನ ದೀಪಕ್ಕೂ ದೂರದ ಪ್ರೇಕ್ಷಕನ ಕಣ್ಣಿಗೂ ತಕ್ಕವು. ವೃತ್ತಿ ನಾಟಕ ಕಂಪನಿಗಳ ಬಣ್ಣವೂ ದೂರದಿಂದ ನೋಡುವವರಿಗಾಗಿಯೇ ಇದ್ದಿತು.

ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ದ ನಟರು ಇಂತಹ ರಂಗಭೂಮಿಯಿಂದಲೇ ಬಂದವರು. ಕೊಲ್ಹಾಪುರದಲ್ಲಿ ತಯಾರಾದ ಆ ಚಿತ್ರದಲ್ಲಿ ಆರ್. ನಾಗೇಂದ್ರರಾಯರು ರಾವಣನಾದರು, ಎಂ. ವಿ. ಸುಬ್ಬಯ್ಯನಾಯ್ಡುಗಳು ಇಂದ್ರಜಿತುವಾದರು. ರಂಗದ ಮೇಲೆ ಅಂಗೈಯಷ್ಟು ಕಾಣುತ್ತಿದ್ದ ಮುಖವು ತೆರೆಯ ಮೇಲೆ ಗೋಡೆಯಷ್ಟಾಗುವುದು. ದೂರಕ್ಕೆ ಸೊಗಸಾದ ಗೆರೆಯು ಸಮೀಪಕ್ಕೆ ಒರಟಾಗುವುದು.

ಇದಕ್ಕಿಂತಲೂ ದೊಡ್ಡ ತೊಡಕು ಫಿಲ್ಮಿನ ಸ್ವಭಾವದಲ್ಲಿದ್ದಿತು. ಮೂಕಚಿತ್ರಗಳ ಕಾಲದ ಫಿಲ್ಮಿಗೆ ಕೆಂಪು ಬಣ್ಣವು ಗೋಚರಿಸುತ್ತಿರಲಿಲ್ಲವಾಗಿ, ಕೆಂಪು ಹಚ್ಚಿದ ತುಟಿಯು ಕಪ್ಪಾಗಿ ಮೂಡುತ್ತಿದ್ದಿತು. ಎಲ್ಲ ವರ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು 1920ರ ದಶಕದ ಕೊನೆಯಲ್ಲಿ ಬಳಕೆಗೆ ಬಂದಿತು. ಹಾಲಿವುಡ್ಡಿನ ಮ್ಯಾಕ್ಸ್ ಫ್ಯಾಕ್ಟರನು ಅದಕ್ಕೆ ಹೊಂದುವ ಹೊಸ ಛಾಯೆಗಳನ್ನು 1928ರಲ್ಲಿ ಸಿದ್ಧಪಡಿಸಿದನು. ಆಗಲೂ ಕನ್ನಡಿಯು ತೋರುವುದು ಬಣ್ಣವನ್ನು, ಫಿಲ್ಮು ಉಳಿಸಿಕೊಳ್ಳುವುದು ಕಪ್ಪು ಬಿಳುಪಿನ ಛಾಯೆಯನ್ನು ಮಾತ್ರ. ಆದುದರಿಂದ ನಟನು ತನ್ನ ಕನ್ನಡಿಯನ್ನು ನಂಬುವಂತಿರಲಿಲ್ಲ. ಅಲ್ಲದೆ ಕಥೆಯ ದೃಶ್ಯಗಳು ಅನುಕ್ರಮವಾಗಿ ಚಿತ್ರಿತವಾಗುವುದಿಲ್ಲ. ಇಂದು ಅಂಟಿಸಿದ ಮೀಸೆಯು ತಿಂಗಳ ಅನಂತರವೂ ಅದೇ ಸ್ಥಾನದಲ್ಲಿ, ಅದೇ ಅಳತೆಯಲ್ಲಿ ಇರಬೇಕು. ಇದಕ್ಕೆ ಬೇರೊಬ್ಬನ ಕಣ್ಣು, ಬೇರೊಬ್ಬನ ಕೈ, ಬೇರೊಬ್ಬನ ನೆನಪು ಅವಶ್ಯವಾದವು. ಸ್ಟುಡಿಯೋಗಳು ಪ್ರಸಾಧಕನನ್ನು ತಿಂಗಳ ಸಂಬಳಕ್ಕೆ ಇರಿಸಿಕೊಂಡವು. ಬೆಳಗಿನಲ್ಲಿ ಎಲ್ಲರಿಗಿಂತ ಮೊದಲು ಕೆಲಸಕ್ಕೆ ತೊಡಗುವವರಲ್ಲಿ ಅವನೊಬ್ಬನು; ಹಗಲೆಲ್ಲ ಬೆವರೊರೆಸಿ ಪುಡಿ ಹಚ್ಚುತ್ತ ದೀಪಗಳ ಪಕ್ಕದಲ್ಲಿ ನಿಲ್ಲುವುದೂ ಅವನ ಕೆಲಸವೇ.

ಎಚ್. ಎಲ್. ಎನ್. ಸಿಂಹರು ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ವು 1954ರಲ್ಲಿ ಬಂದಿತು. ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿದ್ದ ರಾಜಕುಮಾರರು ಅದರ ನಾಯಕರು. ಕಣ್ಣನ್ನು ಕಿತ್ತು ಶಿವನಿಗರ್ಪಿಸುವ ಪ್ರಸಂಗವನ್ನು ನಾಟಕದವರು ಕೆಂಪು ಬಣ್ಣದಿಂದಲೇ ತೋರಿಸಬಹುದು. ಕಪ್ಪು ಬಿಳುಪಿನ ಚಿತ್ರದಲ್ಲಿಯಾದರೋ ರಕ್ತವು ಕೆಂಪಾಗಿರಬೇಕಾದುದಿಲ್ಲ, ಕಪ್ಪಾಗಿ ಮೂಡಿದರೆ ಸಾಕು. ಹತ್ತು ವರ್ಷಗಳ ಮೇಲೆ, 1964ರಲ್ಲಿ, ಬಿ. ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ಯು ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾಯಿತು. ಪ್ರಸಾಧಕನು ಕಲಿತ ಪಾಠವನ್ನು ಮತ್ತೆ ಮರೆಯಬೇಕಾಯಿತು. ಕತ್ತು, ಕಿವಿ, ಕೈಗಳ ಬಣ್ಣವು ಮುಖಕ್ಕೆ ಹೊಂದದಿದ್ದರೆ ವರ್ಣಚಿತ್ರವು ಅದನ್ನು ಬಚ್ಚಿಡದು.

ಮುಂದೆ ಚಿತ್ರೀಕರಣವು ಸ್ಟುಡಿಯೋದ ಗೋಡೆಗಳನ್ನು ದಾಟಿ ಹಳ್ಳಿಗಳಿಗೆ ನಡೆಯಿತು. ಗೊರೂರರ ಕಥೆಯನ್ನಾಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ‘ಭೂತಯ್ಯನ ಮಗ ಅಯ್ಯು’ (1974) ಚಿಕ್ಕಮಗಳೂರಿನ ಸಮೀಪದ ಕಳಸಾಪುರದಲ್ಲಿ ಚಿತ್ರಿತವಾಯಿತು. ಅಯ್ಯುವಿನ ಪಾತ್ರವನ್ನು ವಹಿಸಿದ ಲೋಕೇಶರು, ನಾಲ್ವತ್ತು ವರ್ಷಗಳ ಹಿಂದೆ ಇಂದ್ರಜಿತುವಾಗಿದ್ದ ಸುಬ್ಬಯ್ಯನಾಯ್ಡುಗಳ ಮಗ. ತಂದೆಗೆ ರಾಕ್ಷಸವೀರನ ವೇಷ, ಮಗನಿಗೆ ಬಿಸಿಲಿನಲ್ಲಿ ಹಳ್ಳಿಗನ ಮುಖ. ಇಲ್ಲಿ ಬಣ್ಣವು ಬಣ್ಣವೆಂದು ತೋರಿದರೆ ಪ್ರಸಾಧಕನು ಸೋತಂತೆ. ನೋಡುವವರಿಗೆ ಕಾಣದಿರುವುದೇ ಅವನ ಕುಶಲತೆ. ಅದರಿಂದಲೇ ಅವನ ಹೆಸರು ನಾಮಾವಳಿಯಲ್ಲಿ ಕ್ಷಣಮಾತ್ರ ಹಾದುಹೋಗುವುದು.

ಯಕ್ಷಗಾನದ ವೇಷಧಾರಿಯು ಬೆಳಗಾಗುತ್ತಲೇ ಬಣ್ಣವನ್ನು ತೊಳೆದುಕೊಂಡರೆ ಯಾರೂ ವ್ಯಥೆಪಡುವುದಿಲ್ಲ. ಮರುರಾತ್ರಿ ಅದನ್ನು ಬರೆಯುವ ಕೈ ಅವನಲ್ಲಿಯೇ ಇದೆ. ಸ್ಟುಡಿಯೋದ ಪ್ರಸಾಧಕನ ಕೆಲಸಕ್ಕೆ ಫಿಲ್ಮೊಂದೇ ಸಾಕ್ಷಿ. ‘ಸತಿ ಸುಲೋಚನ’ದ ಪ್ರತಿಯು ಉಳಿದಿಲ್ಲ. ಕೊಲ್ಹಾಪುರದಲ್ಲಿ ರಾವಣ ಇಂದ್ರಜಿತುಗಳಿಗೆ ಹಚ್ಚಿದ ಬಣ್ಣವು ಅದರೊಡನೆಯೇ ಅಳಿಯಿತು. ಉಳಿದಿರುವ ಹಳೆಯ ಚಿತ್ರಗಳನ್ನು ಕಾಪಾಡುವವರು ನಟರ ಕೀರ್ತಿಯನ್ನಷ್ಟೇ ಅಲ್ಲದೆ, ಅವರ ಮುಖಗಳ ಹಿಂದಿದ್ದ ಈ ಕೈಗಳ ಕೆಲಸವನ್ನೂ ಕಾಪಾಡಿದಂತಾಗುವುದು.