ಹಗೇವು ಬರಕ್ಕೆ, ಹೊಳೆಗಲ್ಲ

ಹಿಂದಿನವರು ಎರಡು ವರ್ಷದ ಜೋಳ ಕೂಡಿಟ್ಟುಕೊಂಡು ನಿಶ್ಚಿಂತೆಯಿಂದ ಇರುತ್ತಿದ್ದರು, ಈಗಿನವರು ವಾರದ ಸಂತೆ ನಂಬಿ ಕೂತಿದ್ದಾರೆ ಎಂಬ ಮಾತು ಎರೆನಾಡಿನಲ್ಲಿ ಹೊಸದಲ್ಲ. ಕಾಳು ಹೂತಿಡುವ ನೆಲದಡಿಯ ಹಗೇವು ಮುಚ್ಚಿಹೋದದ್ದಕ್ಕೆ ಹೊಸ ತಲೆಮಾರಿನ ಅಸಡ್ಡೆಯೇ ಕಾರಣ ಎಂಬ ಧಾಟಿ ಅದರಲ್ಲಿದೆ. ನರಗುಂದ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಗಿರುವ ಕೊಣ್ಣೂರನ್ನು ಮುಂದಿಟ್ಟುಕೊಂಡು ನೋಡಿದರೆ ಈ ದೂರು ನಿಲ್ಲುವುದಿಲ್ಲ. ಮನೆಯಲ್ಲಿ ಏನು ಕೂಡಿಡಬೇಕು, ಎಲ್ಲಿಡಬೇಕು ಎಂಬುದನ್ನು ಆ ಊರಿಗಿರುವ ಭಯವೇ ಹೇಳಿಕೊಡುತ್ತದೆ. ಹಗೇವು ಹುಟ್ಟಿದ್ದು ಬರದ ಭಯಕ್ಕೆ. ಕೊಣ್ಣೂರಿನ ಭಯ ಈಗ ಬೇರೆ.

ಹಗೇವು ಎಂದರೆ ಬರೀ ಕುಣಿಯಲ್ಲ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಗಟ್ಟಿ ನೆಲ ನೋಡಿ ತೋಡಿ, ತಳಕ್ಕೂ ಸುತ್ತಲೂ ಕಣಿಕೆ, ಹೊಟ್ಟು ಒತ್ತಿ, ಚೆನ್ನಾಗಿ ಒಣಗಿದ ಹಿಂಗಾರಿ ಬಿಳಿಜೋಳ ಸುರಿದು, ಬಾಯಿಗೆ ಕಲ್ಲು ಹೇರಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳವೂ ಉಸಿರಾಡಿ ಇದ್ದ ಆಮ್ಲಜನಕ ಮುಗಿಯುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಇವತ್ತು ಗಾಳಿಯಾಡದ ಪ್ಲಾಸ್ಟಿಕ್ ಚೀಲ ಮಾರುವವರು ಹೇಳುವುದೂ ಇದನ್ನೇ. ಆ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಅದಕ್ಕೇ ಹಗೇವು ತೆಗೆದಾಗ ಬಾಯಿ ತೆರೆದು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಸುವ ರೂಢಿ. ಅಂಚಿನ ಜೋಳ ಕಪ್ಪಾಗಿ ಮುಗ್ಗಲು ಹಿಡಿದಿರುತ್ತಿತ್ತು, ಅದು ದನಕ್ಕೆ. ಬಿತ್ತುವ ಬೀಜವನ್ನು ಮಾತ್ರ ಯಾರೂ ಅಲ್ಲಿ ಹಾಕುತ್ತಿರಲಿಲ್ಲ, ಮೊಳಕೆಯ ಕಸುವು ಹೋಗುತ್ತದೆಂದು. ಬೀಜ ಬೂದಿ, ಬೇವಿನೆಲೆ ಬೆರೆತು ಮನೆಯೊಳಗಿನ ಗಡಿಗೆ ಸೇರುತ್ತಿತ್ತು. ತಿನ್ನುವ ಕಾಳಿಗೊಂದು ಜಾಗ, ಬಿತ್ತುವ ಕಾಳಿಗೊಂದು ಜಾಗ: ಈ ವಿವೇಕವನ್ನು ನಾನು ಹಗೇವಿಗಿಂತ ದೊಡ್ಡದೆನ್ನುತ್ತೇನೆ.

ಹಾಗಾದರೆ ಇಂಥ ಏರ್ಪಾಡನ್ನು ಬಿಟ್ಟದ್ದು ತಪ್ಪಲ್ಲವೇ ಎಂದು ಕೇಳಬಹುದು. ಅದಕ್ಕೆ ಮೊದಲು ಹಗೇವು ಯಾರದ್ದಾಗಿತ್ತು ಎಂದು ಕೇಳಬೇಕು. ಎರಡು ವರ್ಷದ ಕಾಳು ನೆಲದಡಿ ಹೂಳಲು ಹೊಲ ಬೇಕು, ಸಾಲ ತೀರಿದ ಮೇಲೆ ಉಳಿಯುವ ಫಸಲು ಬೇಕು. ಕೂಲಿಯವನ ಮನೆಯಲ್ಲಿ ಇದ್ದದ್ದು ಗಡಿಗೆ, ಹೆಚ್ಚೆಂದರೆ ಒಂದು ಗುಮ್ಮಿ. 1876ರಲ್ಲಿ ಮಳೆ ಕೈಕೊಟ್ಟು 1878ರವರೆಗೂ ಬರ ಬಿದ್ದಾಗ ಧಾರವಾಡ ಜಿಲ್ಲೆಯ ಮೂಡಣ ಭಾಗದ ಎರೆ ಸೀಮೆ, ಅಂದರೆ ಇದೇ ರೋಣ, ನವಲಗುಂದ, ನರಗುಂದದ ಕಡೆ, ತೀರಾ ನಲುಗಿತು. ಜೋಳದ ಬೆಲೆ ಏರಿತು, ಜನ ಸರ್ಕಾರದ ಬರಗಾಲದ ಕಾಮಗಾರಿಗೆ ಕಲ್ಲು ಹೊರಲು ಹೋದರು. ಹಗೇವಿನಲ್ಲಿದ್ದ ಕಾಳು ಮಾಲೀಕನ ಮನೆಯನ್ನು ಕಾಯಿತು, ಏರಿದ ಬೆಲೆಗೆ ಮಾರಲೂ ಒದಗಿತು, ಊರನ್ನು ಕಾಯಲಿಲ್ಲ. ಹಿಂದಿನವರ ಮುಂಜಾಗ್ರತೆಯನ್ನು ಹೊಗಳುವಾಗ ಈ ಭಾಗವನ್ನು ನಾವು ಸಲೀಸಾಗಿ ಮರೆಯುತ್ತೇವೆ.

ಆ ಬರದ ಪಾಠವಾಗಿಯೇ ರೈಲು ಬಂತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ ಗದಗ–ಹೊಟಗಿ ದಾರಿಯನ್ನು ಯೋಜಿಸುವಾಗ ಬರದ ಸೀಮೆಗೆ ಕಾಳು ಮುಟ್ಟಿಸುವ ಉದ್ದೇಶವೂ ಇತ್ತು. ಕಾಳು ತರುವ ರೈಲು ಕಾಳು ಒಯ್ಯುವುದೂ ನಿಜ. ಅಲ್ಲಿಂದ ಮುಂದೆ ಜೋಳ ಹೂತಿಡುವುದಕ್ಕಿಂತ ಮಾರುವುದು ಲಾಭವಾಯಿತು. 1970ರ ದಶಕದಲ್ಲಿ ಮಲಪ್ರಭೆಯ ನವಿಲುತೀರ್ಥದ ಅಣೆಕಟ್ಟೆಯಿಂದ ಕಾಲುವೆ ಹರಿದ ಮೇಲೆ ಹತ್ತಿ, ಗೋವಿನಜೋಳ ಬಂದವು. ನೀರಿನ ಕರದ ಮೇಲಿನ ರೈತರ ಸಿಟ್ಟು 1980ರ ಜುಲೈಯಲ್ಲಿ ನರಗುಂದದ ಗೋಲಿಬಾರಿನವರೆಗೆ ಹೋದದ್ದು ಎಲ್ಲರಿಗೂ ಗೊತ್ತು. ಅಚ್ಚುಕಟ್ಟಿನಲ್ಲಿ ಅಲ್ಲಲ್ಲಿ ನೆಲ ಸವಳು-ಜವಳಾದದ್ದು ಅಷ್ಟು ಸುದ್ದಿಯಾಗಲಿಲ್ಲ. ಹಗೇವಿಗೆ ಬೇಕಾದದ್ದು ಒಣ ನೆಲ. ಕೆಳಗಿನಿಂದ ನೀರು ಜಿನುಗುವಲ್ಲಿ ಕಾಳು ಹೂಳುವವನನ್ನು ಜಾಣ ಎನ್ನಲಾಗದು. ಪಡಿತರದ ಅಕ್ಕಿ, 2013ರ ನಂತರ ಅನ್ನಭಾಗ್ಯ, ಕೂಲಿಯವನ ಗಡಿಗೆಗೆ ಹಗೇವು ಎಂದೂ ಕೊಡದ ಭರವಸೆ ಕೊಟ್ಟವು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಗಟ್ಟಿಯಾದದ್ದೇ: ರಸ್ತೆ ಕಡಿದರೆ ಪಡಿತರವೂ ಬರುವುದಿಲ್ಲ, ಸಂತೆಯೂ ಕೂಡುವುದಿಲ್ಲ. 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಕೊಣ್ಣೂರಿನಲ್ಲಿ ಆದದ್ದು ಅದೇ. ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯ ಸಂಚಾರವೇ ನಿಂತಿತು. ಆದರೆ ಈ ಆಕ್ಷೇಪ ಹಗೇವನ್ನು ಎತ್ತಿ ಹಿಡಿಯುವುದಿಲ್ಲ. ಹೊಳೆ ಊರೊಳಗೆ ಬಂದಾಗ ಮೊದಲು ಕೆಡುವುದು ನೆಲದಡಿಯ ಕಾಳು, ಆಮೇಲೆ ನೆಲದ ಮೇಲಿನ ಚೀಲ. ಅಟ್ಟವೂ ನಂಬಿಗಸ್ತವಲ್ಲ, ಮಾಳಿಗೆ ಮನೆಯ ಮಣ್ಣಿನ ಗೋಡೆ ನೀರು ಕುಡಿದರೆ ಕುಸಿಯುತ್ತದೆ. ಬರ ತಿಂಗಳುಗಟ್ಟಲೆ ಮುನ್ಸೂಚನೆ ಕೊಟ್ಟು ಬರುತ್ತದೆ, ಅದಕ್ಕೆ ತೂಕದ ದಾಸ್ತಾನು ಬೇಕು. ನೆರೆಗೆ ಬೇಕಾದದ್ದು ಹೆಗಲ ಮೇಲೆ ಹೊತ್ತು ಓಡಬಹುದಾದದ್ದು, ಒಲೆ ಹಚ್ಚದೆ ತಿನ್ನಬಹುದಾದದ್ದು.

ಅಂಥದ್ದು ಈ ಸೀಮೆಯ ಅಡುಗೆಮನೆಯಲ್ಲಿ ಇಲ್ಲದಿಲ್ಲ. ತೆಳ್ಳಗೆ ಬಡಿದು ಒಣಗಿಸಿದ ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಜೊತೆಗಿದ್ದರೆ ಊಟಕ್ಕೆ ಬೆಂಕಿ ಬೇಡ. 2019ರಲ್ಲಿ ಉತ್ತರ ಕರ್ನಾಟಕದ ಊರೂರಿನ ಹೆಣ್ಣುಮಕ್ಕಳು ಬಡಿದು ನೆರೆಪೀಡಿತರಿಗೆ ಕಳಿಸಿದ್ದೂ ಇದನ್ನೇ. ಗಂಡಸರು ತೋಡಿದ ಹಗೇವಿನ ಬಗ್ಗೆ ಗೆಜೆಟಿಯರುಗಳ ಕಾಲದಿಂದ ಬರಹಗಳಿವೆ, ರೊಟ್ಟಿಯ ಬುಟ್ಟಿಯನ್ನು ಮುಂಜಾಗ್ರತೆ ಎಂದು ಲೆಕ್ಕ ಹಿಡಿದವರು ಕಡಿಮೆ. ಅದೂ ಈಗ ಅಂಗಡಿಯಲ್ಲಿ ಕಟ್ಟಿನ ಲೆಕ್ಕದಲ್ಲಿ ಸಿಗುತ್ತದೆ, ರಸ್ತೆ ತೆರೆದಿರುವಷ್ಟು ದಿನ.